ಬೀಡಿಯೋ, ಗೇರುಬೀಜವೋ: ಕನಿಷ್ಠ ಕೂಲಿ ಏರಿದಾಗ ಯಾವುದು ಮೇಲು?

ಮಂಗಳೂರು, ಉಡುಪಿ ಆಸುಪಾಸಿನಲ್ಲಿ ಮನೆಯಲ್ಲೇ ಬೀಡಿ ಕಟ್ಟುವುದೋ, ಗೇರುಬೀಜ ಕಾರ್ಖಾನೆಗೆ ದಿನಗೂಲಿಗೆ ಹೋಗುವುದೋ ಎಂದು ಯೋಚಿಸುತ್ತಿರುವ ಮಹಿಳೆಯರು, ಕನಿಷ್ಠ ಕೂಲಿಯ ಏರಿಕೆ ಎರಡೂ ಕಡೆ ಒಂದೇ ಫಲ ಕೊಡುವುದಿಲ್ಲವೆಂಬುದನ್ನು ಮೊದಲು ಗಮನಿಸಬೇಕು.

ಬೀಡಿಗೆ ಕೂಲಿ ನಿಗದಿಯಾಗುವುದು ಸಾವಿರ ಬೀಡಿಯ ಲೆಕ್ಕದಲ್ಲಿ. ದರ ಏರಿದೊಡನೆ ಗುತ್ತಿಗೆದಾರರು ಎಲೆ ಮತ್ತು ಹೊಗೆಸೊಪ್ಪು ಕೊಡುವುದನ್ನು ಕಡಿಮೆ ಮಾಡಿದರೆ, ಅಥವಾ ಕಟ್ಟಿದ ಬೀಡಿಯನ್ನು ಒಪ್ಪಿಸುವ ಕೇಂದ್ರವಾದ ಬ್ರಾಂಚಿನಲ್ಲಿ ಕಳಪೆಯೆಂದು ಹೆಚ್ಚು ಬೀಡಿ ತೆಗೆದುಹಾಕಿದರೆ, ಕಾಗದದ ಮೇಲಿನ ಏರಿಕೆ ಕೈಗೆ ಬರುವುದೇ ಇಲ್ಲ. ಮನೆ, ಮಕ್ಕಳನ್ನು ನೋಡಿಕೊಳ್ಳುತ್ತ ದುಡಿಯಬಹುದೆಂಬುದು ದೊಡ್ಡ ಅನುಕೂಲ ನಿಜ. ಆದರೆ ಊರಿನ ಒಂದೇ ಬ್ರಾಂಚನ್ನು ನೆಚ್ಚಿರುವವರಿಗೆ ಚೌಕಾಸಿಯ ಶಕ್ತಿ ಇರುವುದಿಲ್ಲ, ಹೊಗೆಸೊಪ್ಪಿನ ಧೂಳೂ ತಪ್ಪುವುದಿಲ್ಲ.

ಕಾರ್ಖಾನೆಯ ದಿನಗೂಲಿಯಲ್ಲಿ ಏರಿಕೆ ನೇರವಾಗಿ ಸಿಗುತ್ತದೆ, ಭವಿಷ್ಯನಿಧಿಯ ವಂತಿಗೆಯೂ ಅದರೊಂದಿಗೆ ಬೆಳೆಯುತ್ತದೆ. (ಕಿಲೋ ಲೆಕ್ಕದ ಕೂಲಿಯಾದರೆ ಬೀಡಿಯ ತೊಡಕೇ ಇಲ್ಲಿಯೂ ಇದೆ.) ಅಪಾಯವಿರುವುದು ಯಂತ್ರಗಳಲ್ಲಿ: ವಿಯೆಟ್ನಾಂನ ಪೈಪೋಟಿ ಎದುರಿಸುತ್ತಿರುವ ಮಾಲೀಕರು ಬೀಜ ಒಡೆಯುವ, ಸಿಪ್ಪೆ ತೆಗೆಯುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲು ಕೂಲಿಯ ಏರಿಕೆ ಇನ್ನೊಂದು ಕಾರಣವಾಗುತ್ತದೆ.

ಹಾಗೆಂದು ಕೂಲಿ ಏರಿದರೆ ಕೆಲಸ ಹೋಗಿಯೇ ಹೋಗುತ್ತದೆ ಎನ್ನುವಂತಿಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ 1992ರಲ್ಲಿ ಗಂಟೆಯ ಕನಿಷ್ಠ ಕೂಲಿ 4.25 ಡಾಲರಿನಿಂದ 5.05ಕ್ಕೆ ಏರಿದಾಗ, ಫಾಸ್ಟ್‌ಫುಡ್ ಅಂಗಡಿಗಳಲ್ಲಿ ಉದ್ಯೋಗ ಕುಸಿದದ್ದು ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅವರ ಅಧ್ಯಯನದಲ್ಲಿ ಕಂಡುಬರಲಿಲ್ಲ.

ಮನೆ ಬಿಟ್ಟು ಹೊರಡಲು ಸಾಧ್ಯವಿರುವವರಿಗೆ, ಹಾಜರಿ ಪುಸ್ತಕ ಮತ್ತು ಭವಿಷ್ಯನಿಧಿ ಇರುವ ಕಾರ್ಖಾನೆಯೇ ಮೇಲೆಂದು ನನ್ನ ದೃಢವಾದ ಅಭಿಪ್ರಾಯ.