ಗೂಗಲ್‌ನ ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್: ಹಾಕಿಕೊಂಡು ನೋಡಿದೆ

ಅಪ್ಪ ತೀರಿಕೊಂಡ ಮೇಲೆ ಅವರ ಫೋಟೊಗಳಿಗಾಗಿ ಒಂದು ಕಂಪನಿಗೆ ಐದು ತಿಂಗಳು ಬರೆದೆ. ಮರಣ ಪ್ರಮಾಣಪತ್ರ ಕಳಿಸಿದೆ, ವಿಲ್ ಕೂಡ ಕಳಿಸಿದೆ. ಖಾತೆ ಅವರೊಬ್ಬರದ್ದು, ಮಕ್ಕಳಿಗೂ ಕೊಡಲ್ಲ ಅಂದರು. ಮನೆಗೆ ವಾರಸುದಾರ, ಮೇಲ್‌ಬಾಕ್ಸ್‌ಗೆ ಹೊರಗಿನವನು!

ಅದಕ್ಕೇ ನನ್ನ ಗೂಗಲ್ ಖಾತೆಗೆ ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್ ಹಾಕಿಕೊಂಡೆ; ನಾವು ಇಲ್ಲವಾದ ಮೇಲೆ ಖಾತೆಯಲ್ಲಿರೋದು ಯಾರಿಗೆ ಅಂತ ಮೊದಲೇ ಹೇಳಿಡೋ ಸೆಟ್ಟಿಂಗ್ ಇದು. 2013ರಿಂದಲೇ ಇದೆಯಂತೆ, ದುಡ್ಡೂ ಇಲ್ಲ. 3, 6, 12 ಅಥವಾ 18 ತಿಂಗಳು ಖಾತೆಯಲ್ಲಿ ನಮ್ಮ ಸುಳಿವಿಲ್ಲದಿದ್ದರೆ, ನಾವು ಹೆಸರಿಸಿದವರಿಗೆ ಸುದ್ದಿ ಹೋಗುತ್ತದೆ. 10 ಜನರವರೆಗೆ ಸೇರಿಸಬಹುದು. ಖಾತೆಯಲ್ಲಿರೋದರಲ್ಲಿ ಯಾರಿಗೆ ಏನು ಸಿಗಬೇಕು ಅನ್ನೋದು ನಮ್ಮಿಷ್ಟ. ತಂಗಿಗೆ ಫೋಟೊ, ಹೆಂಡತಿಗೆ ಡ್ರೈವ್. ಮೇಲ್ ಯಾರಿಗೂ ಇಲ್ಲ, ನಗಬೇಡಿ.

ನಾನು 6 ತಿಂಗಳು ಇಟ್ಟೆ. ನಾಳೆಯೇ ಸತ್ತರೂ ಮನೆಯವರು ಅಷ್ಟು ದಿನ ಕಾಯಬೇಕು, ಅದೊಂದು ಕಿರಿಕಿರಿ. ಆಪಲ್‌ನಲ್ಲಿ ಇದೇ ಕೆಲಸಕ್ಕಿರೋ ಲೆಗಸಿ ಕಾಂಟ್ಯಾಕ್ಟ್‌ನಲ್ಲಿ ಈ ಕಾಯೋ ಅವಧಿ ಇಲ್ಲ; ನಾವು ಹೆಸರಿಸಿದವರು ನಾವು ಮೊದಲೇ ಕೊಟ್ಟ ಕೀಲಿ (ಒಂದು ಕೋಡ್) ಮತ್ತು ಮರಣ ಪ್ರಮಾಣಪತ್ರ ಕೊಟ್ಟು ಕೇಳಬಹುದು. ಆದರೆ ಕೊಂಡ ಸಿನಿಮಾ, ಪುಸ್ತಕ ಅಲ್ಲೂ ಸಿಗಲ್ಲ. ಅವು ನಮ್ಮ ಆಸ್ತಿಯಲ್ಲ, ಬರೀ ಲೈಸೆನ್ಸ್, ಅಂದರೆ ಬಳಸೋಕೆ ಅನುಮತಿ ಅಷ್ಟೇ.

ಸುಮ್ನೆ ಒಂದು ಗುಂಡಿ ಒತ್ತೋದು ಅಂದುಕೊಳ್ಳಬೇಡಿ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ವಿಲ್‌ನಲ್ಲಿ ಬೇರೆ ಬರೆದಿದ್ದರೂ ಕಾನೂನಿನಲ್ಲಿ ಇಂಥ ಆಯ್ಕೆಯೇ ನಡೆಯುತ್ತದೆ. ಐದಕ್ಕೆ ನಾಲ್ಕು ಸ್ಟಾರ್.