ಮಾನಸಗಂಗೋತ್ರಿ: ಸೀಟು ಹಿಡಿಯುವ ಮುನ್ನ ವಿಭಾಗ ನೋಡಿ

ಮೈಸೂರು ವಿಶ್ವವಿದ್ಯಾನಿಲಯದ ಹೆಸರು ದೊಡ್ಡದು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿದ್ದು. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ ಹುಟ್ಟಿದ ದೇಶದ ಮೊದಲ ವಿಶ್ವವಿದ್ಯಾನಿಲಯ. ಆದರೆ ಎಂ.ಎ., ಎಂ.ಎಸ್ಸಿ.ಗೆ ಅದರ ಸ್ನಾತಕೋತ್ತರ ಕ್ಯಾಂಪಸ್ ಮಾನಸಗಂಗೋತ್ರಿಗೆ ಬರುವವರು ಎರಡು ವರ್ಷ ಕಳೆಯುವುದು ಒಂದು ವಿಭಾಗದಲ್ಲಿ. ಆಯ್ಕೆ ಮಾಡಬೇಕಾದದ್ದು ಅದನ್ನೇ.

ವಿಭಾಗದ ಪುಟ ತೆರೆದು ಖಾಯಂ ಅಧ್ಯಾಪಕರು ಎಷ್ಟು ಜನ ಎಂದು ಎಣಿಸಿ. ರಾಜ್ಯದ ಹಳೆಯ ವಿಶ್ವವಿದ್ಯಾನಿಲಯಗಳಲ್ಲೆಲ್ಲ ನಿವೃತ್ತರಾದವರ ಜಾಗ ತುಂಬುವುದು ತಡವಾಗಿದೆ, ಮೈಸೂರೂ ಇದಕ್ಕೆ ಹೊರತಲ್ಲ. ಅತಿಥಿ ಉಪನ್ಯಾಸಕರಲ್ಲಿ ಬಹಳ ಚೆನ್ನಾಗಿ ಪಾಠ ಮಾಡುವವರಿದ್ದಾರೆ, ಆದರೆ ಅವರು ಪಿಎಚ್.ಡಿ. ಮಾರ್ಗದರ್ಶಕರಾಗಲು ಬರುವುದಿಲ್ಲ. ಮುಂದೆ ಸಂಶೋಧನೆಯ ಆಸೆ ಇದ್ದವರಿಗೆ ಈ ಲೆಕ್ಕ ಬಹಳ ಮುಖ್ಯ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಪ್ರೊಫೆಸರ್ ಒಬ್ಬರು ಒಮ್ಮೆಗೆ 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಸಂಶೋಧಕರನ್ನಷ್ಟೇ ತೆಗೆದುಕೊಳ್ಳಬಹುದು. ನೆಟ್ ಅರ್ಹತಾ ಪರೀಕ್ಷೆ ಪಾಸಾಗಿಯೂ ಗೈಡ್ ಸಿಗದೆ ಕಾಯುವವರ ಕಷ್ಟದ ಮೂಲ ಇಲ್ಲಿದೆ.

ಮೈಸೂರು ವಿಶ್ವವಿದ್ಯಾನಿಲಯದ ನಿಜವಾದ ಆಸ್ತಿ ಹಳೆಯ ಸಂಗ್ರಹಗಳು. 1891ರಲ್ಲಿ ಆರಂಭವಾದ ಪ್ರಾಚ್ಯವಿದ್ಯಾ ಸಂಶೋಧನಾಲಯ ಈಗ ಈ ವಿಶ್ವವಿದ್ಯಾನಿಲಯದ್ದೇ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ್ದು ಅಲ್ಲಿಂದಲೇ. ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹ, ಇವನ್ನೆಲ್ಲ ಕೂಡಿಸಿ ನೋಡಿದರೆ ಕನ್ನಡ, ಸಂಸ್ಕೃತ, ಇತಿಹಾಸ, ಜಾನಪದ ಓದುವವರಿಗೆ ಇಂಥ ಜಾಗ ನಾಡಿನಲ್ಲಿ ಕಡಿಮೆ. ಬರೀ ನೋಟ್ಸ್ ಓದಿ ಇಲ್ಲಿಂದ ಹೊರಟುಹೋಗುವುದು ದೊಡ್ಡ ನಷ್ಟ. ವಿಜ್ಞಾನದವರು ವಿಭಾಗಕ್ಕೆ ಒಮ್ಮೆ ಹೋಗಿ, ಯಾವ ಉಪಕರಣ ಸದ್ಯ ಕೆಲಸ ಮಾಡುತ್ತಿದೆ, ಪ್ರಾಜೆಕ್ಟಿಗೆ ಅದು ವಿದ್ಯಾರ್ಥಿಗಳ ಕೈಗೆ ಸಿಗುತ್ತದೆಯೇ ಎಂದು ಸೀನಿಯರ್‌ಗಳನ್ನೇ ಕೇಳುವುದು ಒಳ್ಳೆಯದು.

ಅರ್ಜಿ ಹಾಕುವಾಗ ಹೆಸರುಗಳ ಗೊಂದಲ ಬೇಡ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಗಂಗೋತ್ರಿಯ ಪಕ್ಕದಲ್ಲೇ ಇದ್ದರೂ 1996ರಿಂದ ಅದು ಬೇರೆಯೇ ವಿಶ್ವವಿದ್ಯಾನಿಲಯ. ಭಾರತೀಯ ಭಾಷಾ ಸಂಸ್ಥಾನ, ವಾಕ್ ಶ್ರವಣ ಸಂಸ್ಥೆ ಕೇಂದ್ರ ಸರ್ಕಾರದವು. ಅವುಗಳ ಅರ್ಜಿಯೂ ದಿನಾಂಕವೂ ಬೇರೆ.

ದಾಖಲೆಗಳಲ್ಲಿ ಹೆಚ್ಚು ತೊಡಕಾಗುವುದು ಮೂರು ಕಡೆ. ಬೇರೆ ವಿಶ್ವವಿದ್ಯಾನಿಲಯದಿಂದ ಬರುವವರಿಗೆ ಮೈಗ್ರೇಷನ್ ಸರ್ಟಿಫಿಕೇಟ್ ಬೇಕು. ಡಿಗ್ರಿ ಫಲಿತಾಂಶ ಬಂದ ವಾರದಲ್ಲೇ ಅದಕ್ಕೆ ಅರ್ಜಿ ಕೊಟ್ಟುಬಿಡಿ. ಮೀಸಲಾತಿ ಕೇಳುವವರ ಜಾತಿ-ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರಬಾರದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರು ಮತ್ತು ಆಧಾರ್ ಹೆಸರು ಅಕ್ಷರ ಅಕ್ಷರ ಹೊಂದಬೇಕು. ಇನಿಷಿಯಲ್ ಒಂದು ಹಿಂದುಮುಂದಾದರೂ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ವಿದ್ಯಾರ್ಥಿವೇತನದ ಅರ್ಜಿ ಸಿಕ್ಕಿಹಾಕಿಕೊಳ್ಳಬಹುದು. ಮಂಜೂರಾದ ಹಣವೂ ಆಧಾರ್ ಜೋಡಿಸಿದ ಖಾತೆಗೇ ಬರುತ್ತದೆ, ಹಾಗಾಗಿ ಬ್ಯಾಂಕಿಗೆ ಹೋಗಿ ಎನ್‌ಪಿಸಿಐ ಮ್ಯಾಪಿಂಗ್ (ಹಣ ಬರಲು ಆಧಾರ್‌ಗೆ ಖಾತೆ ಜೋಡಿಸುವುದು) ಆಗಿದೆಯೇ ಎಂದು ಕೇಳಿಕೊಳ್ಳಿ.

ಸೀಟು ಸಿಕ್ಕರೆ ಹಾಸ್ಟೆಲ್ ಸಿಕ್ಕಂತಲ್ಲ. ವಿಶ್ವವಿದ್ಯಾನಿಲಯದ ಹಾಸ್ಟೆಲ್‌ಗೆ ಬೇರೆ ಅರ್ಜಿ. ಬಿಸಿಎಂ (ಹಿಂದುಳಿದ ವರ್ಗಗಳ ಕಲ್ಯಾಣ) ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಿಗೆ ಸರ್ಕಾರದ ಹಾಸ್ಟೆಲ್ ಪೋರ್ಟಲ್‌ನಲ್ಲಿ ಅರ್ಜಿ. ಅರ್ಹತೆ ಇದ್ದವರು ಎರಡನ್ನೂ ಹಾಕಬೇಕು. ಪಟ್ಟಿ ಬರುವವರೆಗಿನ ದಿನಗಳಿಗೆ ಪೇಯಿಂಗ್ ಗೆಸ್ಟ್ ಖರ್ಚು ಕೈಯಲ್ಲಿರಲಿ.

ಓದು ಕ್ರೆಡಿಟ್ ಲೆಕ್ಕದಲ್ಲಿ ನಡೆಯುತ್ತದೆ: ಕಡ್ಡಾಯದ ಹಾರ್ಡ್ ಕೋರ್, ವಿಭಾಗದೊಳಗೇ ಆರಿಸಿಕೊಳ್ಳುವ ಸಾಫ್ಟ್ ಕೋರ್, ಬೇರೆ ವಿಭಾಗದಿಂದ ಓಪನ್ ಎಲೆಕ್ಟಿವ್. ಸೆಮಿಸ್ಟರ್ ನಡುವೆ ಸಿ-1, ಸಿ-2 ಮೌಲ್ಯಮಾಪನ, ಕೊನೆಗೆ ಸಿ-3 ಪರೀಕ್ಷೆ. ಮೊದಲೆರಡನ್ನು ಹಗುರವಾಗಿ ತೆಗೆದುಕೊಂಡವರು ಕೊನೆಯಲ್ಲಿ ಪರದಾಡುತ್ತಾರೆ. ಓಪನ್ ಎಲೆಕ್ಟಿವ್ ಆರಿಸುವಾಗ ವೇಳಾಪಟ್ಟಿ ಪಕ್ಕದಲ್ಲಿಟ್ಟುಕೊಳ್ಳಿ. ಲ್ಯಾಬ್ ಇರುವ ಹೊತ್ತಿಗೇ ತರಗತಿ ಬಿದ್ದರೆ ಹಾಜರಾತಿ ಹೋಗುತ್ತದೆ.

ಇನ್ನೊಂದು ಚಿಕ್ಕ ವಿಷಯ. ಪಾಠ ಗಂಗೋತ್ರಿಯಲ್ಲಿ, ಆಡಳಿತ ಕ್ರಾಫರ್ಡ್ ಹಾಲ್‌ನಲ್ಲಿ, ನಡುವೆ ಕುಕ್ಕರಹಳ್ಳಿ ಕೆರೆ. ಕಚೇರಿಗೆ ಹೊರಡುವ ಮುನ್ನ ವಿಭಾಗದ ಮುಖ್ಯಸ್ಥರ ಸಹಿ, ಸೀಲು, ಶುಲ್ಕದ ರಸೀದಿ, ಎರಡು ಸೆಟ್ ಜೆರಾಕ್ಸ್ ಫೈಲಿನಲ್ಲಿರಲಿ. ಒಂದು ಸಹಿ ತಪ್ಪಿದರೆ ಕೆರೆ ಸುತ್ತಿ ವಾಪಸ್ ಬರುವಷ್ಟರಲ್ಲಿ ಆ ದಿನದ ತರಗತಿ ಮುಗಿದಿರುತ್ತದೆ.