ಎಕ್ಸ್‌ಆರ್‌ಎಫ್ ಗನ್ನೋ, ಸ್ಪಾರ್ಕ್ ಪರೀಕ್ಷೆಯೋ?

ತುಮಕೂರಿನ ವಸಂತನರಸಾಪುರದ ಶೆಡ್ಡಿಗೆ ಬಂದಿಳಿಯುವ ರಾಡುಗಳೆಲ್ಲ ನೋಡಲು ಒಂದೇ; ಯಾವುದು ಯಾವ ಮಿಶ್ರಲೋಹವೆಂದು ಪರೀಕ್ಷಿಸಿಯೇ ತಿಳಿಯಬೇಕು. ಟೆಸ್ಟ್ ಸರ್ಟಿಫಿಕೇಟಿನ ಹೀಟ್ ನಂಬರ್ (ಒಂದೇ ಸಲ ಕರಗಿಸಿದ ಲೋಹದ, ಅಂದರೆ ಒಂದು ಹೀಟಿನ, ಸಂಖ್ಯೆ) ರಾಡಿನ ತುದಿಯಲ್ಲಿ ಪಂಚ್ ಮಾಡಿದ ಸಂಖ್ಯೆಗೆ ಹೊಂದದಿದ್ದರೆ ಆ ಕಾಗದವನ್ನು ನಂಬಬೇಡಿ.

ಕೆಲಸ ಹೆಚ್ಚಾಗಿ ಸ್ಟೇನ್‌ಲೆಸ್, ಹಿತ್ತಾಳೆಯದಾದರೆ ಎಕ್ಸ್‌ಆರ್‌ಎಫ್ ಗನ್ (ಎಕ್ಸ್‌ರೇ ಬಿಟ್ಟು ಲೋಹದಲ್ಲಿ ಏನೇನಿದೆ ಎಂದು ಓದುವ ಕೈಯಂತ್ರ) ಸಾಕು. ಕೆಲವೇ ಸೆಕೆಂಡಿನಲ್ಲಿ ಸ್ಟೇನ್‌ಲೆಸ್‌ನ 304, 316 ದರ್ಜೆಗಳು ಬೇರೆಯಾಗುತ್ತವೆ. 316ರಲ್ಲಿ ಮಾಲಿಬ್ಡಿನಮ್ 2ರಿಂದ 3% ಇರುತ್ತದೆ. ಗುರುತು ಬೀಳದ ಕಾರಣ ಮುಗಿದ ಪಾರ್ಟನ್ನೂ ನೋಡಬಹುದು. ಆದರೆ ಅದು ಓದುವುದು ಮೇಲ್ಪದರವನ್ನಷ್ಟೇ. ಸತುವಿನ ಲೇಪನವಿದ್ದರೆ ಅದನ್ನು ಉಜ್ಜಿ ತೆಗೆದೇ ಗನ್ ಹಿಡಿಯಿರಿ. ಹೊರಬೀಳುವುದು ಎಕ್ಸ್‌ರೇ, ಹಾಗಾಗಿ ತುಂಡನ್ನು ಕೈಯಲ್ಲಿ ಹಿಡಿದು ಟ್ರಿಗರ್ ಒತ್ತಲೇಬೇಡಿ.

ಈ ಗನ್ನಿಗೆ ಇಂಗಾಲ ಕಾಣುವುದಿಲ್ಲ. ಶಾಫ್ಟಿಗೆ ಬಳಸುವ ಉಕ್ಕಿನ ದರ್ಜೆಗಳಾದ ಇಎನ್8ರಲ್ಲಿ ಇಂಗಾಲ ಸುಮಾರು 0.4%, ಇಎನ್9ರಲ್ಲಿ 0.5ರಿಂದ 0.6%, ಉಳಿದದ್ದು ಹೆಚ್ಚುಕಡಿಮೆ ಒಂದೇ. ಎರಡೂ ಬೆರೆತದ್ದು ತಿಳಿಯುವುದು ಹಾರ್ಡನಿಂಗ್‌ನಲ್ಲಿ (ಕಾಯಿಸಿ ತಣಿಸಿ ಗಟ್ಟಿ ಮಾಡುವಾಗ) ಶಾಫ್ಟ್ ಬಿರುಕು ಬಿಟ್ಟಾಗ, ಅಷ್ಟರಲ್ಲಿ ಮೆಷಿನಿಂಗ್ ಖರ್ಚೆಲ್ಲ ಹೋಗಿರುತ್ತದೆ. ಶಾಫ್ಟ್, ಗೇರ್ ಮಾಡುವವರು ಸ್ಪಾರ್ಕ್ ಸ್ಪೆಕ್ಟ್ರೋಮೀಟರನ್ನೇ ಆರಿಸಿ; ಇದು ಲೋಹಕ್ಕೆ ವಿದ್ಯುತ್ ಕಿಡಿ ಕೊಟ್ಟು, ಅದರ ಬೆಳಕಿನಿಂದ ಇಂಗಾಲವನ್ನೂ ಅಳೆಯುತ್ತದೆ. ಯಂತ್ರ ಕೊಳ್ಳಬೇಕೆಂದಿಲ್ಲ; ಎನ್‌ಎಬಿಎಲ್ (ಪ್ರಯೋಗಾಲಯಗಳ ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆಯ ಲ್ಯಾಬಿಗೆ ಪ್ರತಿ ಹೀಟಿನಿಂದ ಒಂದು ತುಂಡು ಕಳಿಸಿದರಾಯಿತು.

ಸ್ವಂತ ಯಂತ್ರವಿದ್ದರೆ ಉಕ್ಕಿನ ಮುಖವನ್ನು 60 ಗ್ರಿಟ್ ಬೆಲ್ಟಿನಲ್ಲಿ ಸಮತಟ್ಟಾಗಿ ಉಜ್ಜಿ, ಕೂಲೆಂಟ್, ಬೆರಳಿನ ಜಿಡ್ಡು ತಾಗಿಸದೆ, 99.999% ಆರ್ಗಾನ್‌ನಲ್ಲಿ ಮೂರು ಕಡೆ ಸ್ಪಾರ್ಕ್ ಕೊಡಿ. ಗುರುತಿನ ಸುತ್ತ ಕಪ್ಪು ಉಂಗುರ ಸ್ಪಷ್ಟವಾಗಿರಬೇಕು. ಬೆಳ್ಳಗೆ ಹರಡಿದ್ದರೆ ಗಾಳಿ ಸೇರಿದೆ ಅಥವಾ ಆರ್ಗಾನ್ ಕೆಟ್ಟಿದೆ. ಆ ರೀಡಿಂಗ್ ಬಿಡಿ. ಅಲ್ಯೂಮಿನಿಯಂ ಮಾತ್ರ ಬೆಲ್ಟಿಗೆ ಹಿಡಿಯಬೇಡಿ: ಬೆಲ್ಟಿನ ಸಿಲಿಕಾನ್ ಕಾರ್ಬೈಡ್ ಕಣ ಹುದುಗಿ ಸಿಲಿಕಾನ್ ಹೆಚ್ಚು ತೋರುತ್ತದೆ. ಲೇತಿನಲ್ಲಿ ಒಣ ಫೇಸಿಂಗ್ ಮಾಡಿ, ಅಂದರೆ ಕೂಲೆಂಟ್ ಇಲ್ಲದೆ ಮುಖವನ್ನು ಸಮತಟ್ಟಾಗಿ ಕೆತ್ತಿ.